ಡ್ರೆಸ್ಸರ್ ಗಾದಿಲಿಂಗಪ್ಪನವರ ಸೋಮವಾರ

ಡ್ರೆಸ್ಸರ್ ಗಾದಿಲಿಂಗಪ್ಪನವರು ನಮ್ಮ ಮನೆಗೆ ಬಂದರೆ ನಮಸ್ಕಾರ ಹೇಳುತ್ತಿರಲಿಲ್ಲ, ಹೊಸ್ತಿಲಲ್ಲೇ ನಿಂತು ಗಾಳಿ ಮೂಸುತ್ತಿದ್ದರು. ಹರಳೆಣ್ಣೆಯ ವಾಸನೆ ಮೂಗಿಗೆ ಬಿತ್ತೋ, ಅಂದು ಮನೆಯವರ ಗತಿ ಮುಗಿಯಿತು. "ಮತ್ತ ಹಚ್ಚೀರಿ! ಯಾರು ಹಚ್ಚಿದ್ರಿ, ಮುಂದ ಬರ್ರಿ!" ಎಂದು ಅವರು ಕೂಗಿದರೆ ಹೊಸಪೇಟೆ ಬಳಿಯ ಚಿತ್ತವಾಡ್ಗಿಯ ನಮ್ಮ ಓಣಿಯ ಅಷ್ಟೂ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಳ್ಳುತ್ತಿದ್ದವು. ಹಚ್ಚಿದವಳು ನನ್ನ ಅಜ್ಜಿ. ಹಚ್ಚಿಸಿಕೊಂಡ ತಲೆ ನನ್ನದು.

ಆ ತಲೆಯ ಕಥೆ ಇಷ್ಟು. ಎಂಟು ವರ್ಷದವಳಿದ್ದಾಗ ಹಂಪಿ ಬಜಾರಿನ ಕಲ್ಲುಮಂಟಪವೊಂದರ ಮೇಲೆ ಹತ್ತಿದೆ, ಇಳಿಯಲು ಬಾರದೆ ಬಿದ್ದೆ. ತಲೆಯ ಎಡಭಾಗದ ಎಲುಬು ಒಡೆದು ಒಳಗೆ ಹೂತಿತು. ಬಲಗೈ ಬಲಗಾಲಿನ ಸತ್ವವೇ ಹೋಯಿತು. ಅಪ್ಪ ಗುಂತಕಲ್ ಮಾರ್ಗವಾಗಿ ರೈಲಿನಲ್ಲಿ ಮದರಾಸಿಗೆ ಒಯ್ದ. ಅಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ತಲೆ ತೆರೆದು, ಮಿದುಳನ್ನು ಒತ್ತುತ್ತಿದ್ದ ಎಲುಬಿನ ಚೂರುಗಳನ್ನು ತೆಗೆದು, ಚರ್ಮ ಹೊಲಿದು, ಎರಡು ತಿಂಗಳ ಮೇಲೆ ಮನೆಗೆ ಕಳಿಸಿದರು. ಮುಂದೇನು ಮಾಡಬೇಕೆಂದು ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದನ್ನೂ ಕೊಟ್ಟರು. ಅದರಲ್ಲಿ ಅಪ್ಪನಿಗೆ ಓದಲು ಬಂದದ್ದು ನನ್ನ ವಯಸ್ಸಿನ ಅಂಕಿ ಮಾತ್ರ.

ಚೀಟಿ ಹೊಸಪೇಟೆಯ ದವಾಖಾನೆಗೆ ಹೋಯಿತು, ಅಲ್ಲಿಂದ ಗಾಯ ಕಟ್ಟುವ ಗಾದಿಲಿಂಗಪ್ಪನವರ ತಗಡಿನ ಪೆಟ್ಟಿಗೆ ಸೇರಿತು. ಸೋಮವಾರಕ್ಕೊಮ್ಮೆ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ, ಆ ಪೆಟ್ಟಿಗೆ ಹಿಡಿದು ಅವರು ನಡೆದು ಬರುತ್ತಿದ್ದರು. ಜ್ವರ ಬಂತೇ, ವಾಂತಿಯಾಯಿತೇ, ಕೈಕಾಲು ಸೆಳೆಯಿತೇ ಎಂದು ಕೇಳಿ, ಚೀಟಿಯ ಹಿಂದೆ ಇಂಗ್ಲಿಷಿನಲ್ಲೇ ಒಂದು ಸಾಲು ಬರೆಯುತ್ತಿದ್ದರು. ಮೈಯೆಲ್ಲ ಸಿಡುಕು. "ಮದರಾಸಿನ ದೊರಿ ಎರಡು ತಾಸಿನಾಗ ಕೊಯ್ದು ಕೈ ತೊಳಕೊಂಡ. ಎರಡು ವರ್ಷ ನಿಮ್ಮ ಕೂಡ ಬಡದಾಡಾಕ ನಾನು ಸಿಕ್ಕೆ ನೋಡ್ರಿ," ಎಂದು ಬೈದುಕೊಂಡೇ ಪಟ್ಟಿ ಬಿಚ್ಚುವರು. ಬಿಚ್ಚುವ ಕೈ ಮಾತ್ರ ನೋಯಿಸುತ್ತಿರಲಿಲ್ಲ.

ಎಲುಬಿಲ್ಲದ ಕಡೆ ನನ್ನ ತಲೆ ಎಳೆಗೂಸಿನ ನೆತ್ತಿಯಂತೆ ಮಿಡಿಯುತ್ತಿತ್ತು. ಹನ್ನೊಂದು ಕೂಸುಗಳ ನೆತ್ತಿಗೆ ಎಣ್ಣೆ ಒತ್ತಿದ ಅಜ್ಜಿಗೆ ಅದನ್ನು ಕಂಡರೆ ಕೈ ನಿಲ್ಲುತ್ತಿರಲಿಲ್ಲ.

"ಎಣ್ಣಿ ಕುಡಿದ್ರ ನೆತ್ತಿ ಕೂಡ್ತೈತ್ರಿ. ನಿಮಗೇನು ಗೊತ್ತು, ಗಂಡಸರಿಗೆ?" ಎಂದಳು.

"ಯಮ್ಮಾ, ಕೈ ಮುಗೀತೀನಿ, ಅದು ನೆತ್ತಿ ಅಲ್ಲ. ಅಲ್ಲಿ ಎಲುಬ ಇಲ್ಲ. ನೀವು ಒತ್ತಾದು ಮಿದುಳನ್ನ!"

ಅಜ್ಜಿ ಆಯಿತೆನ್ನುವಳು, ಗುರುವಾರ ಮತ್ತೆ ಹಚ್ಚುವಳು. ಕೊನೆಗೆ ಗಾದಿಲಿಂಗಪ್ಪನವರೇ ಒಂದು ತೆಂಗಿನ ಚಿಪ್ಪನ್ನು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ, ಒಳಗೆ ಹತ್ತಿ ತುಂಬಿ, ಆ ಜಾಗದ ಮೇಲಿಟ್ಟು ಬಟ್ಟೆ ಕಟ್ಟಿದರು. ಪೆಟ್ಟು ಬೀಳದಂತೆಯೂ ಆಯಿತು, ಅಜ್ಜಿಯ ಕೈ ಹೋಗದಂತೆಯೂ ಆಯಿತು. ನೀಲಿ ಎಂಬ ನನ್ನ ಹೆಸರಿಗೆ ಚಿಪ್ಪು ಸೇರಿಸಿ ಓಣಿಯ ಮಕ್ಕಳು ಚಿಪ್ಪಿನ ನೀಲಿ ಎಂದು ಕರೆಯತೊಡಗಿದರು. ಅವರಿಗಿಂತ ಹೆಚ್ಚು ಸಿಟ್ಟು ನನಗೆ ಬಂದದ್ದು ಗಾದಿಲಿಂಗಪ್ಪನವರ ಮೇಲೆ.

ಕಾಲು ಬೇಗ ಬಂತು. ಕೈ ಬರಲಿಲ್ಲ. ತಿಂಗಳುಗಟ್ಟಲೆ ಅವರು ಬೆರಳು ತಿಕ್ಕಿದರು, ಹುಣಸೆ ಬೀಜ ಎಣಿಸಿ ಹಾಕಲು ಹಚ್ಚಿದರು. ಏನೂ ಹತ್ತಲಿಲ್ಲ. ಯಾಕೆಂದು ಅವರಿಗೆ ತಿಳಿದದ್ದು, ಒಂದು ಸೋಮವಾರ ತಡವಾಗಿ, ನಮ್ಮ ಊಟದ ಹೊತ್ತಿಗೆ ಬಂದಾಗ. ಅಜ್ಜಿ ನನಗೆ ತುತ್ತು ಮಾಡಿ ಉಣಿಸುತ್ತಿದ್ದಳು.

"ಇದೇನ್ರಿ ಇದು?"

"ಬಲಗೈ ಏಳವಲ್ದು. ಎಡಗೈಲೆ ಉಣ್ಣಾಕ ಬಿಡಾಕ ಆಗ್ತೈತೇನ್ರಿ? ಅದಕ್ಕ ನಾನ ಉಣಸ್ತೀನಿ."

"ಎಷ್ಟು ದಿನದಿಂದ?"

"ಮದರಾಸಿನಿಂದ ಬಂದಾಗಿನಿಂದ," ಎಂದಳು ಅಜ್ಜಿ, ಹೆಮ್ಮೆಯಿಂದಲೇ.

ಅವರು ಪೆಟ್ಟಿಗೆಯನ್ನು ಧೊಪ್ಪೆಂದು ಕುಕ್ಕಿದರು. "ನಾನು ವಾರಕ್ಕೊಮ್ಮೆ ಬಂದು ಕೈ ಎಬ್ಬಸಾಕ ನೋಡ್ತೀನಿ, ನೀವು ದಿನಕ್ಕ ಮೂರು ಸಲ ಅದನ್ನ ಮಲಗಸ್ತೀರಿ!" ಎಂದವರೇ ಪಟ್ಟಿ ತೆಗೆದು ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿಬಿಟ್ಟರು. "ಇವತ್ತಿನಿಂದ ಈಕಿಗೆ ಯಾರೂ ಉಣಸಂಗಿಲ್ಲ. ಹಸದ್ರ ತಾನ ಉಣ್ತಾಳ."

ಅಂದು ನಾನು ತಟ್ಟೆ ಒದ್ದೆ. ಅವರು ಇನ್ನೊಂದು ತಟ್ಟೆ ಬಡಿಸಿಸಿದರು. "ಆಗವಲ್ದು," ಎಂದು ಅಳತೊಡಗಿದೆ. "ಆಗವಲ್ದು ಅಂದ್ರೂ ಹೊಟ್ಟಿ ಕೇಳ್ತೈತೇನಲೇ?" ಎಂದು ಅಲ್ಲೇ ಕಂಬಕ್ಕೊರಗಿ ಕುಳಿತರು. ಅಜ್ಜಿ ಕಟುಕ ಎಂದು ಶಪಿಸುತ್ತ ಹಿತ್ತಲಿಗೆ ಹೋದಳು. ಮೊದಲ ಅಗುಳು ಬಾಯಿ ಸೇರುವಷ್ಟರಲ್ಲಿ ಬಿಸಿಲು ಅಂಗಳ ದಾಟಿತ್ತು. ಗದ್ದ, ಲಂಗ, ನೆಲ, ಎಲ್ಲ ಕಡೆ ಅನ್ನ. ಅವರು ಭೇಷ್ ಎನ್ನಲಿಲ್ಲ. "ನಾಳಿಗೂ ಹಿಂಗ," ಎಂದು ಎದ್ದರು.

ಆ ಪಟ್ಟಿ ದಿನಾ ಊಟದ ಹೊತ್ತಿಗೆ ನನ್ನ ಸೊಂಟಕ್ಕೆ ಬರುತ್ತಿತ್ತು. ಕೈ ಏಳತೊಡಗಿತು, ಆದರೆ ಎಂಥ ನಿಧಾನ! ಗುಂಡಿ ಹಾಕಲು ಬಂತೆಂದು ಕುಣಿದರೆ, "ಜೋಳದ ರೊಟ್ಟಿ ಬಡಿ, ಅವತ್ತು ನಿನ್ನ ಚೀಟಿ ಹರದು ಒಗೀತೀನಿ," ಎನ್ನುವರು. ರೊಟ್ಟಿ ಬಡಿಯಲು ಐದೂ ಬೆರಳು ಚಾಚಿ ಒಟ್ಟಿಗೆ ಬೀಳಬೇಕು. ನನ್ನ ಕಡೆಯ ಎರಡು ಬೆರಳು ಮಡಚಿಕೊಂಡೇ ಇರುತ್ತಿದ್ದವು. ಹಿಟ್ಟು ಹರಿಯುತ್ತಿತ್ತು, ನಾನೂ ಅಳುತ್ತಿದ್ದೆ. ಇದರ ನಡುವೆ ಅವರಿಗೆ ಕಂಪ್ಲಿಗೆ ವರ್ಗವಾಯಿತು. ಚೀಟಿಯನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಹೋದರು.

ಹದಿನೈದರ ವಯಸ್ಸಿನಲ್ಲಿ ಕಂಪ್ಲಿಯ ಚಿಕ್ಕಮ್ಮನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಒಂದು ಸೋಮವಾರ ಅವರ ಮನೆ ಹುಡುಕಿಕೊಂಡು ಹೋದೆ. ನೌಕರಿ ಮುಗಿದಿತ್ತು, ಮೈ ಇಳಿದಿತ್ತು. ಹೇಗಿದ್ದೀ ಎಂದು ಕೇಳಬೇಡವೇ? ಹೊಸ್ತಿಲಲ್ಲಿ ನನ್ನನ್ನು ನಿಲ್ಲಿಸಿ ಮೂಸಿದರು. ಆಮೇಲೆ ಹೆಂಡತಿಗೆ, "ಏ, ಹಿಟ್ಟು ಕೊಡು ಈಕಿಗೆ," ಎಂದರು.

ಬಡಿದೆ. ಏಳು ವರ್ಷದ ಸಿಟ್ಟನ್ನೆಲ್ಲ ಹಾಕಿ ಬಡಿದೆ. ರೊಟ್ಟಿ ಹರಿಯಲಿಲ್ಲ, ದುಂಡಗೆ ಬಂತು, ಹಂಚಿನ ಮೇಲೆ ಉಬ್ಬಿತು. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

"ಈ ಕಡಿ ಅಂಚು ದಪ್ಪ ಐತಿ. ಆ ಎರಡು ಬೆರಳು ಇನ್ನೂ ಮಲಗ್ಯಾವ."

ಪೂರ್ತಿ ರೊಟ್ಟಿ ತಿಂದರು. ಆಮೇಲೆ ಪೆಟ್ಟಿಗೆ ತೆರೆದು, ಹಳದಿಗಟ್ಟಿದ ಚೀಟಿ ತೆಗೆದು, ಒಂದು ಸಾಲು ಬರೆದು ಮತ್ತೆ ಒಳಗಿಟ್ಟರು.

"ಹರೀತೀನಿ ಅಂದಿದ್ರಿ!" ಎಂದೆ. ಕಣ್ಣಲ್ಲಿ ನೀರು ಬಂದಿತ್ತು.

"ಬರೋ ಸೋಮವಾರ ಬಾ, ನೋಡೋಣು."

ನಾನು ಹೋಗಲಿಲ್ಲ. ಒಂದು ಒಳ್ಳೆಯ ಮಾತಾಡಲು ಈ ಮನುಷ್ಯನಿಗೇನು ಧಾಡಿ ಎಂದು ಹಲ್ಲು ಕಚ್ಚಿಕೊಂಡು ಕುಳಿತೆ. ಅದರಾಚೆಯ ಸೋಮವಾರವೂ ಹೋಗಲಿಲ್ಲ. ಚಿತ್ತವಾಡ್ಗಿಗೆ ಮರಳಿದ ಮೇಲೆ, ದಸರೆಯ ಹೊತ್ತಿಗೆ, ಅವರು ತೀರಿಕೊಂಡ ಸುದ್ದಿ ಬಂತು. ಅವರ ಹೆಂಡತಿ ಪೆಟ್ಟಿಗೆಯಲ್ಲಿದ್ದ ನನ್ನ ಚೀಟಿಯನ್ನು ಚಿಕ್ಕಮ್ಮನ ಕೈಯಲ್ಲಿ ಕಳಿಸಿದ್ದರು.

ನನಗೆ ಇಂಗ್ಲಿಷ್ ಬಾರದು. ಓಣಿಯ ಮಾಸ್ತರರು ಕೊನೆಯ ಸಾಲನ್ನು ಓದಿ ಹೇಳಿದರು. "ಕೈ ಗುಣವಾಗಿದೆ. ಇನ್ನು ನೋಡುವ ಅಗತ್ಯವಿಲ್ಲ." ಕೆಳಗೆ ನಾನು ರೊಟ್ಟಿ ಬಡಿದ ದಿನದ ತಾರೀಖಿತ್ತು.

ನೋಡುವ ಅಗತ್ಯವಿಲ್ಲದವಳನ್ನು ಬರುವ ಸೋಮವಾರ ಬಾ ಎಂದದ್ದೇಕೆ? ಮೊಮ್ಮಕ್ಕಳಿಗೆ ರೊಟ್ಟಿ ಬಡಿಯುವಾಗ ಇಂದಿಗೂ ಅವರ ಮೇಲೆ ಸಿಟ್ಟು ಬರುತ್ತದೆ. ಚೀಟಿ ಕೊಡುವಾಗ ಅವರ ಹೆಂಡತಿ ಚಿಕ್ಕಮ್ಮನಿಗೆ ಹೇಳಿದ್ದರು, ಆ ಸೋಮವಾರ ಅವರು ನನಗಾಗಿ ಹಿಟ್ಟು ತೆಗೆದಿಡಿಸಿದ್ದರಂತೆ.