ಕೋಟೆ ಬಾಗಿಲ ದೌಲಪ್ಪ
ಕಲಬುರಗಿ ಕೋಟೆಯೊಳಗೆ ದೊಡ್ಡ ಬಸ್ಸುಗಳನ್ನು ಬಿಡಬಾರದೆಂದು ಹುಕುಂ ಆದಂದಿನಿಂದ ಬಾಗಿಲು ಕಾಯುವ ದೌಲಪ್ಪ ನೆಟ್ಟಗೆ ಕೂತವನಲ್ಲ. ಹಡಗಿನಂಥ ಟೂರಿಸ್ಟ್ ಬಸ್ಸು ಕಂಡರೆ ಸಾಕು, ಬೀಡಿ ಬಿಸಾಕಿ ಎರಡೂ ಕೈ ಚಾಚಿ ಅಡ್ಡ ನಿಲ್ಲುತ್ತಾನೆ. "ಇಲ್ಲೇ ಇಳೀರಿ ಸಾಹೇಬ್ರ, ಗ್ವಾಡಿ ಮುಪ್ಪಾಗ್ಯದ, ನಡುಗಸಬ್ಯಾಡ್ರಿ." ಮಂತ್ರಿಗಳ ಫೋನು ಬಂದರೂ ಜಗ್ಗುವುದಿಲ್ಲ. ಬಸ್ಸು ತಿರುಗಿ ಹೋದ ಮೇಲೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಗೋಡೆಯ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡುತ್ತಾನೆ. ಅದನ್ನು ಕಂಡು ಓಣಿಯವರೆಲ್ಲ ನಗುತ್ತಿದ್ದರು. ಹೋದ ವರ್ಷ ಕೋಟೆಯೊಳಗಿನ ಮನೆಯಲ್ಲಿ ಅವನ ಹೆಂಡತಿ ಬಂಡೆಮ್ಮ ತೀರಿಕೊಂಡಳು. ಸ್ವಂತ ಊರು ಕಮಲಾಪುರದಲ್ಲಿ ಮಣ್ಣು ಮಾಡಲೆಂದು ನೆಂಟರು ದೊಡ್ಡ ಬಸ್ಸನ್ನೇ ತಂದರು. ಅಳುತ್ತ ಕೂತಿದ್ದ ದೌಲಪ್ಪ ಎದ್ದು ಹೋಗಿ, ಕೋಟೆ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತ. "ಅಲ್ಲೇ ನಿಲ್ಲಸ್ರಿ," ಎಂದ, "ಅಕಿನ್ನ ನಾನೇ ಹೊತ್ಕೊಂಡ ಬರ್ತೀನಿ."