ರೊಟ್ಟಿ ಬಡಿಯಾಕಿ ಯಾರ?

ಕುದಿಯುವ ಎಸರು ಜೋಳದ ಹಿಟ್ಟಿಗೆ ಬಿದ್ದಾಗ ಒಂದು ಹಸಿ ವಾಸನೆ ಏಳುತ್ತದೆ. ನಿನ್ನೆ ಸೊಸೆ ಹಿಟ್ಟು ಕಲಸುತ್ತ, "ಅತ್ತೆ, ನಾಲ್ಕು ದಿನ ತವರಿಗೆ ಹೋಗಿ ಬರಲಾ?" ಎಂದಳು. ನನ್ನ ಕಿವಿ ಅಲ್ಲಿತ್ತು, ಮನಸ್ಸು ಬಾದಾಮಿಗೆ ಹೋಗಿಬಿಟ್ಟಿತ್ತು...

ಎಪ್ಪತ್ತರ ದಶಕದ ಕೊನೆ. ನಾನು ಮೈಸೂರು ಕಡೆಯ ಹೊಸ ಮದುವಣಗಿತ್ತಿ. ಗಂಡನದು ಗುಡ್ಡದ ಕಲ್ಲು ಪರೀಕ್ಷಿಸುವ ಸರ್ಕಾರಿ ಕೆಲಸ. ಗುಡ್ಡದಿಂದ ಗುಡ್ಡಕ್ಕೆ ಅವರ ಹಿಂದೆ ನಾನು, ನನ್ನ ಹಿಂದೆ ಟ್ರಂಕು. ಬಾದಾಮಿಯ ಬಾಡಿಗೆ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಕೆಂಪು ಬಂಡೆ, ಅಷ್ಟೇ. ಸಂಜೆಯಾಗುವುದರೊಳಗೆ ಉಸಿರು ಕಟ್ಟುತ್ತಿತ್ತು.

ಬೇಸರ ಕಳೆಯಲು ಮನೆಯೊಡತಿಯ ಸೊಸೆಯ ಬಳಿ ಹೋಗಿ ಕೂರುತ್ತಿದ್ದೆ. ಅಕ್ಕ ಎನ್ನುತ್ತಿದ್ದೆ. ಆ ತುಂಬಿದ ಮನೆಗೆ ಎರಡು ಹೊತ್ತೂ ರೊಟ್ಟಿ ಬಡಿಯುವವರು ಅವರೊಬ್ಬರೇ. ಮೊದಲ ದಿನ ನಾನು ಜಂಬದಿಂದ ಲಟ್ಟಣಿಗೆ ಹಿಡಿದು ಹೋದೆ. ಹಿಟ್ಟು ಚೂರುಚೂರಾಯಿತು.

"ಅದನ್ನ ಬಾಜೂಕ ಇಡ್ರಿ ಬಾಯಾರ, ಇದು ಚಪಾತಿ ಅಲ್ಲ. ಎಸರು ಹಾಕಿ ನಾದ್ರಿ, ಆಮ್ಯಾಲೆ ಕೈಲೇ ಬಡೀರಿ," ಎಂದು ಅಕ್ಕ ನಕ್ಕರು.

ಅಷ್ಟು ಮುತುವರ್ಜಿಯಿಂದ ಕಲಿಸಿದ್ದೇಕೆಂದು ಆಮೇಲೆ ತಿಳಿಯಿತು. ಇಳಕಲ್ಲಿನಲ್ಲಿ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಅಕ್ಕ ಹೋಗಿ ಬರುತ್ತೇನೆಂದಾಗಲೆಲ್ಲ ಅವರ ಅತ್ತೆ, ಆ ಮನೆಯೊಡತಿಯದು, ಒಂದೇ ಮಾತು: "ಹೋಗವಾ, ಯಾರು ಬ್ಯಾಡಂದ್ರು? ರೊಟ್ಟಿ ಬಡಿಯಾಕಿ ಯಾರ?"

ನನ್ನ ರೊಟ್ಟಿ ಹಂಚಿನ ಮೇಲೆ ಉಬ್ಬಿದ ದಿನ ಅಕ್ಕ ಅದನ್ನು ಅತ್ತೆಯ ತಾಟಿಗೆ ಹಾಕಿದರು. ಅತ್ತೆ ಉಂಡು, ಇನ್ನೊಂದು ಹಾಕಿಸಿಕೊಂಡರು. ಮರುದಿನ ಅಕ್ಕ ಇಳಕಲ್ಲಿನ ಬಸ್ಸು ಹತ್ತಿದರು, ನಾನು ಅವರ ಒಲೆಯ ಮುಂದೆ ಕೂತೆ. ಎಲ್ಲಿಯ ಮನೆ, ಎಲ್ಲಿಯ ಒಲೆ, ಇಲ್ಲಿ ಬಂದು ಸಿಕ್ಕಿಬಿದ್ದೆನಲ್ಲ ಎಂದು ಅಳು ಬರುತ್ತಿತ್ತು. ಆದರೂ ಅಕ್ಕ ಬೇಗ ಬಾರದಿರಲಿ ಎಂದೇ ಬೇಡಿಕೊಳ್ಳುತ್ತಿದ್ದೆ.

ವಾರ ಕಳೆಯುವುದರೊಳಗೆ ಗಂಡನಿಗೆ ಹುನಗುಂದದ ಕಡೆ ಹೊರಡಲು ಹುಕುಂ ಬಂತು. ಅತ್ತೆ ಅಂದೇ ಇಳಕಲ್ಲಿಗೆ ಆಳು ಅಟ್ಟಿದರು.

ನಾವು ಹೊರಡುವ ಹೊತ್ತಿಗೆ ಅಕ್ಕ, ಬಸ್ಸಿಳಿದು ಬಂದ ಸೀರೆಯಲ್ಲೇ, ಹಿಟ್ಟು ನಾದುತ್ತಿದ್ದರು. ತಾಯಿ ಹೇಗಿದ್ದಾರೆಂದು ಕೇಳಿದೆ.

"ಅವ್ವ ಅದಾಳ, ತಂಗಿ. ಇನ್ನ ಎರಡ ದಿನ ಇರು ಅಂದ್ಲು..." ಕೈ ನಿಲ್ಲಲಿಲ್ಲ. "ಇಲ್ಲಿ ರೊಟ್ಟಿ ಬಡಿಯಾಕಿ ಯಾರ?"

ದಾರಿಗೆಂದು ಬಿಸಿ ರೊಟ್ಟಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿ ಕಟ್ಟಿಕೊಟ್ಟರು. ನಾನು ಆ ಗಂಟು ಬಿಚ್ಚಲಿಲ್ಲ. ಆ ತಾಯಿ ಹೆಚ್ಚು ದಿನ ಉಳಿಯಲಿಲ್ಲವೆಂದು ಹುನಗುಂದದಲ್ಲಿ ಸುದ್ದಿ ತಿಳಿಯಿತು. ಅಕ್ಕನನ್ನು ನಾನು ಮತ್ತೆ ನೋಡಲೇ ಇಲ್ಲ...

ಸೊಸೆ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಹಿಟ್ಟು ಕಲಸುವ ಪರಾತವನ್ನು ನನ್ನ ಕಡೆಗೆ ಎಳೆದುಕೊಂಡೆ.

"ನಾಲ್ಕೇ ದಿನ ಯಾಕೆ? ನಿಮ್ಮಮ್ಮ ಸಾಕು ಅನ್ನುವವರೆಗೆ ಇದ್ದು ಬಾ."