ಅಪ್ಪ ಗುಡುಗಿದ ಸಿನೆಮಾ

ನನ್ನಪ್ಪ ಹೊನ್ನಾವರ ಪೇಟೆಯಲ್ಲಿ ಟೇಲರ್. ಮೀಸೆ ದರೋಡೆಕೋರನದ್ದು, ಸ್ವರ ಮಾತ್ರ ಪಕ್ಕದ ಅಂಗಡಿಗೂ ಕೇಳದಷ್ಟು ಮೆತ್ತಗೆ. ಅಪ್ಸರಕೊಂಡಕ್ಕೆ ಸಿನೆಮಾ ಶೂಟಿಂಗಿಗೆ ಬಂದವರು ಹರಿದ ಅಂಗಿ ಹೊಲಿಸಲು ಅಂಗಡಿ ಹತ್ತಿ, ಆ ಮೀಸೆ ನೋಡಿ ಅಪ್ಪನನ್ನೇ ಕರೆದುಕೊಂಡು ಹೋದರು. ಖಳನಾಯಕನ ಬಲಗೈ ಬಂಟನ ಪಾತ್ರ. ಮಾತು ಒಂದೇ: "ನನ್ನ ದಾರಿಗೆ ಅಡ್ಡ ಬಂದವನು ಮನೆಗೆ ಹೋಗೋದಿಲ್ಲ!" ಅದನ್ನು ಅಪ್ಪ ಮಶೀನು ತುಳಿಯುತ್ತಲೇ ಗೊಣಗಿ ಗೊಣಗಿ ಬಾಯಿಪಾಠ ಮಾಡಿದ.

ಆಗ ನಮ್ಮ ಮನೆಯಲ್ಲಿ ನೀರಿನ ತಾಪತ್ರಯ. ಬೇಸಿಗೆಗೆ ನಮ್ಮ ಬಾವಿ ಉಪ್ಪಾಗುತ್ತದೆ. ಅಜ್ಜ ಇಬ್ಬರು ಮಕ್ಕಳಿಗೂ ಸೇರಿ ತೋಡಿಸಿದ ಸಿಹಿನೀರಿನ ಬಾವಿ ಪಕ್ಕದ ದೊಡ್ಡಪ್ಪನ ಹಿತ್ತಲಲ್ಲಿದೆ. ಓಡಾಡಲೆಂದು ಬೇಲಿಯ ನಡುವೆ ಬಿಟ್ಟ ದಣಪೆ ದಾಟಿ ಅಮ್ಮ ನೀರು ತರುತ್ತಿದ್ದಳು. ಯಾವುದೋ ಸಣ್ಣ ಮಾತಿಗೆ ಮುನಿಸಿಕೊಂಡ ದೊಡ್ಡಪ್ಪ ಅಲ್ಲಿ ಮುಳ್ಳು ಒಟ್ಟಿಬಿಟ್ಟ. ಅಂದಿನಿಂದ ಅಮ್ಮ ರಸ್ತೆ ಸುತ್ತಿ, ಯಾರದೋ ಬಾವಿಯಿಂದ ಕೊಡ ಹೊತ್ತು ತರಬೇಕಾಯಿತು. "ಒಂದ್ ಮಾತು ಹೇಳಿ," ಎಂದು ಅವಳು ಬೇಡಿಕೊಂಡರೆ, "ಎಂತ ಹೇಳೂದು? ಅಣ್ಣ ಅಲ್ದಾ," ಎಂದು ಅಪ್ಪ ಸೂಜಿಗೆ ನೂಲು ಪೋಣಿಸುತ್ತಿದ್ದ.

ಸಿನೆಮಾ ಕುಮಟೆಗೆ ಬಂದಾಗ ಕೇರಿಗೆ ಕೇರಿಯೇ ಟೆಂಪೋ ಹತ್ತಿತು, ದೊಡ್ಡಪ್ಪನೂ. ನಾಯಕ ಬಂದಾಗ ಜನ ಶೇಂಗಾ ತಿನ್ನುತ್ತಿದ್ದರು. ಅವನು ತಾಳ್ಮೆಯವನು, ಹಿರಿಯರ ಕಾಲಿಗೆ ಬೀಳುವವನು, ಅನ್ಯಾಯವನ್ನೆಲ್ಲ ನುಂಗಿಕೊಂಡು ಇಂಟರ್ವಲ್ಲಿನವರೆಗೆ ಸುಮ್ಮನಿರುವವನು. ಅಂಥವನನ್ನು ನೋಡಲು ಟಿಕೆಟ್ ಏಕೆ ತೆಗೆಯಬೇಕು? ನಮ್ಮ ಮನೆಯಲ್ಲೇ ಒಬ್ಬ ಇದ್ದಾನೆ. ಖಳ ಹಾಗಲ್ಲ. ಬೇಕಾದ್ದನ್ನು ಬೇಕು ಅನ್ನುತ್ತಾನೆ, ಯಾರ ಮುಲಾಜೂ ಇಲ್ಲ. ಅವನದು ತಪ್ಪೆಂದು ಗೊತ್ತಿದ್ದೂ, ನಮ್ಮ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಅವನಾದರೂ ಕೂಗಲಿ ಎಂದು ಕಾಯುತ್ತೇವೆ. ಕೊನೆಗೆ ಹೇಗೂ ಸಾಯುತ್ತಾನಲ್ಲ, ಹಾಗಾಗಿ ನಮಗೆ ಪಾಪಪ್ರಜ್ಞೆಯೂ ಇಲ್ಲ.

ಪರದೆಯ ಮೇಲೆ ಅಪ್ಪ ಲುಂಗಿ ಎತ್ತಿ ಕಟ್ಟಿ ಆ ಮಾತನ್ನು ಗುಡುಗಿದಾಗ ಕೇರಿಯವರೆಲ್ಲ ಮೊಬೈಲ್ ಎತ್ತಿ ಹಿಡಿದು ಎದ್ದು ನಿಂತರು. ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕಿದ್ದು ದೊಡ್ಡಪ್ಪ. ಹೊರಗೆ ಬಂದಮೇಲೆ ಅಪ್ಪನ ಬೆನ್ನು ತಟ್ಟಿ, "ಮಾರಾಯಾ, ನಂಗೇ ಹೆದ್ರಿಕೆ ಆತು!" ಎಂದ. ಅಪ್ಪ ನಾಚಿಕೊಂಡು ನಕ್ಕ. ಈಗ ಹೇಳುತ್ತಾನೆ, ಈಗಲಾದರೂ ಬಾವಿಯ ಮಾತು ಎತ್ತುತ್ತಾನೆ ಎಂದು ನಾನು ಕಾದು ನಿಂತಿದ್ದೆ. "ಟೆಂಪೋ ಬಂತು, ಹತ್ತು ಅಣ್ಣ," ಎಂದ ಅಪ್ಪ.

ಮನೆಗೆ ಬಂದವಳೇ ಅಮ್ಮ ಖಾಲಿ ಕೊಡ ಎತ್ತಿಕೊಂಡಳು.

"ಅಷ್ಟ್ ದೊಡ್ಡ ಸ್ವರ ನಿಮ್ಗೆ ಉಂಟು ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಆ ಮಾತು ನಂದಲ್ಲ ಮಾರಾಯ್ತಿ," ಎಂದ ಅಪ್ಪ, "ಅವ್ರು ಬರ್ದ್ ಕೊಟ್ಟದ್ದು."

"ನನ್ ಹತ್ರ ಕೇಳಿದ್ರೆ ನಾನೂ ಬರ್ದ್ ಕೊಡ್ತಿದ್ದೆ," ಎಂದು ಅಮ್ಮ ಕೊಡವನ್ನು ಸೊಂಟಕ್ಕೇರಿಸಿ ರಸ್ತೆಯ ಕಡೆ ನಡೆದಳು.